ಶಿವದಾರ ಹರಿದ ಭಾನುವಾರ

ನಮ್ಮ ಮಾವನವರು ಪೆನ್‌ಷನ್ ಪಡೆದು ಹಾಸನದಲ್ಲಿ ಮನೆ ಮಾಡಿದ ಮೇಲೂ ಭಾನುವಾರವನ್ನು ಬಿಟ್ಟುಕೊಡಲಿಲ್ಲ. ಕಚೇರಿಯೇ ಇಲ್ಲದವರಿಗೆ ರಜಾ ಎಲ್ಲಿಂದ ಬಂತು ಎಂದು ಕೇಳುವ ಎದೆಗಾರಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಎಂದು ತಾಲ್ಲೂಕು ಕಚೇರಿಗಳನ್ನೆಲ್ಲ ಸುತ್ತಿ ಶಿರಸ್ತೇದಾರರಾಗಿ ಕೆಲಸದಿಂದ ಇಳಿದವರು ಅವರು. ವಾರವೆಲ್ಲ ಕೋಟು ತೊಟ್ಟು, ರುಮಾಲು ಸುತ್ತಿ ವಾಚನಾಲಯಕ್ಕೆ ಹೋಗಿ, ಪೇಪರಿನಲ್ಲಿ ಯುದ್ಧದ ಸುದ್ದಿ ಓದಿ, ಯುದ್ಧ ನಡೆಸುವವರ ತಪ್ಪುಗಳನ್ನೆಲ್ಲ ಅಲ್ಲೇ ಕೂತು ತಿದ್ದಿ ಮನೆಗೆ ಬರುತ್ತಿದ್ದರು. ಭಾನುವಾರ ಮಾತ್ರ ಕೋಟಿಲ್ಲ; ಶರಟು, ಹೆಗಲ ಮೇಲೊಂದು ವಲ್ಲಿ, ಕೈಯಲ್ಲಿ ಕೊಡೆ. ಆವತ್ತು ಅವರು ಹೆಂಡತಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು.

ಆ ಕಾಲಕ್ಕೆ ಇದೇನು ಸಣ್ಣ ಸಂಗತಿಯಲ್ಲ. ತಲೆ ನರೆತ ಗಂಡ ಹೆಂಡತಿ ಕೆಲಸವಿಲ್ಲದೆ ಹೂವಿನ ಗಿಡ ನೋಡಿಕೊಂಡು ತಿರುಗುತ್ತಾರೆ ಎಂದರೆ ನಮ್ಮ ಬೀದಿಯ ಹೆಂಗಸರಿಗೆ ಒಂದು ವಾರಕ್ಕಾಗುವಷ್ಟು ಮಾತು ಸಿಗುತ್ತಿತ್ತು. ಇದಕ್ಕೆ ಕಾರಣ ಆಸ್ಪತ್ರೆಯ ಲೇಡಿ ಡಾಕ್ಟರು. ಹಿಂದಿನ ವರ್ಷ ಅತ್ತೆಗೆ ಎರಡು ಸಲ ರಕ್ತ ವಾಂತಿಯಾಗಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿದೆ, ಹಸಿದುಕೊಂಡಿದ್ದರೆ ಮತ್ತೆ ಒಡೆಯುತ್ತದೆ, ಇನ್ನೊಮ್ಮೆ ಒಡೆದರೆ ನನ್ನ ಕೈಲಿಲ್ಲ ಎಂದು ಆಕೆ ಮುಖದ ಮೇಲೆಯೇ ಹೇಳಿ ಕಳಿಸಿದ್ದರು. ಮನೆಯೊಳಗೇ ಮುದುಡಿಕೊಂಡು ಇರಬೇಡಿ, ಗಾಳಿಯಲ್ಲಿ ಸ್ವಲ್ಪ ನಡೆಯಿರಿ ಎಂದೂ ಹೇಳಿದ್ದರು. ಮಾವನಿಗೆ ಡಾಕ್ಟರ ಮಾತು ಸರ್ಕಾರಿ ಆರ್ಡರಿದ್ದ ಹಾಗೆ. ಅತ್ತೆಗೋ ನಾಚಿಕೆ. ಕಡೆಗೆ ಅತ್ತೆಯೇ ಒಂದು ದಾರಿ ಹುಡುಕಿದರು: ಸೊಸೆ ಜೊತೆಗಿದ್ದರೆ ಅದು ವಾಕಿಂಗಲ್ಲ, ಎಲ್ಲಿಗೋ ಹೋಗಿ ಬಂದ ಹಾಗೆ ಕಾಣುತ್ತದೆ. ಹಾಗಾಗಿ ಮುಂದೆ ಮಾವ, ನಾಲ್ಕು ಹೆಜ್ಜೆ ಹಿಂದೆ ಅತ್ತೆ, ಅವರ ಹಿಂದೆ ಹಳ್ಳಿಮೈಸೂರಿನ ಕಡೆಯಿಂದ ಆಗಷ್ಟೇ ಮದುವೆಯಾಗಿ ಬಂದಿದ್ದ ನಾನು. ನನ್ನ ಗಂಡ ಕೊಣನೂರಿನಲ್ಲಿ ರಸ್ತೆ ಕೆಲಸದ ಮೇಲಿದ್ದರು. ತಿಂಗಳಿಗೆ ಒಂದೋ ಎರಡೋ ಸಲ ಬಸ್ಸು ಸಿಕ್ಕಿದರೆ ಬಂದರು, ಇಲ್ಲದಿದ್ದರೆ ಇಲ್ಲ. ಗಂಡನ ಜೊತೆ ಒಮ್ಮೆಯೂ ಪಾರ್ಕಿಗೆ ಹೋಗದ ನಾನು ಅತ್ತೆ ಮಾವನ ಜೊತೆ ಪ್ರತಿ ವಾರ ಹೋದೆ. ಹಣೆಬರಹ ಎನ್ನುವುದು ಇದಕ್ಕೇ.

ವಾಕಿಂಗ್ ಮುಗಿಸಿ ಬಂದರೆ ಶಾವಿಗೆ. ರೇಷನ್ ಕಾಲ ಅದು, ಅಕ್ಕಿ ನೋಡಿ ನೋಡಿ ಖರ್ಚು ಮಾಡಬೇಕು. ವಾರವೆಲ್ಲ ರಾಗಿ ರೊಟ್ಟಿ, ಭಾನುವಾರಕ್ಕೆ ಮಾತ್ರ ಅಕ್ಕಿ ಹಿಟ್ಟು. ಅತ್ತೆ ಹಿಟ್ಟಿನ ಮುದ್ದೆ ಬೇಯಿಸಿ ಬಿಸಿಬಿಸಿಯಾಗಿ ಶಾವಿಗೆ ಒರಳಿಗೆ ತುಂಬುವುದು, ಮಾವ ಪಂಚೆ ಎತ್ತಿ ಕಟ್ಟಿಕೊಂಡು ಹಿಡಿಯ ಮೇಲೆ ಭಾರ ಬಿಟ್ಟು ಒತ್ತುವುದು. ತಾಲ್ಲೂಕು ಕಚೇರಿಯ ಗುಮಾಸ್ತರೆಲ್ಲ ನಡುಗುತ್ತಿದ್ದ ಮನುಷ್ಯ ಮನೆಯಲ್ಲಿ ಮಾಡುತ್ತಿದ್ದ ಕೆಲಸ ಇದೊಂದೇ. "ಇನ್ನೂಸಿ ಒತ್ತಿ, ಎಳೆ ತುಂಡಾಯ್ತದೆ," ಎಂದು ಅತ್ತೆ ಗದರಿದರೆ ಮಾವ ಮರುಮಾತಿಲ್ಲದೆ ಒತ್ತುತ್ತಿದ್ದರು. ಅದನ್ನು ನೋಡುವುದು ನನಗೆ ಶಾವಿಗೆಗಿಂತ ರುಚಿ.

ಇನ್ನೊಂದು ಮಾತು ಹೇಳಬೇಕು. ರಕ್ತ ಕಂಡ ದಿನದಿಂದ ಮಾವ ಹೆಂಡತಿಯನ್ನು ತಮ್ಮ ಜೊತೆಗೇ ಊಟಕ್ಕೆ ಕೂರಿಸಿಕೊಳ್ಳುತ್ತಿದ್ದರು. ಗಂಡ ಉಂಡೆದ್ದ ಮೇಲೆ ಉಣ್ಣಬೇಕು ಎಂದುಕೊಂಡಿದ್ದ ಅತ್ತೆಗೆ ಇದು ಪಾರ್ಕಿಗಿಂತ ದೊಡ್ಡ ನಾಚಿಕೆ. ಆದರೆ ಮಾವ ಹೇಳಿದ ಮೇಲೆ ಮುಗಿಯಿತು, ಅಪ್ಪೀಲಿಲ್ಲ.

ನಾವು ಲಿಂಗವಂತರು. ಕೊರಳಲ್ಲಿ ಶಿವದಾರ, ಎದೆಯ ಮೇಲೆ ವಸ್ತ್ರದಲ್ಲಿ ಸುತ್ತಿದ ಇಷ್ಟಲಿಂಗ. ಬೆಳಿಗ್ಗೆ ಅದನ್ನು ಎಡಗೈ ಮೇಲಿಟ್ಟು ಪೂಜೆ ಮಾಡದೆ ನೀರೂ ಇಲ್ಲ, ತಟ್ಟೆಯಲ್ಲಿ ಬಡಿಸಿದ್ದನ್ನು ಅದಕ್ಕೆ ಅರ್ಪಿಸದೆ ತುತ್ತೂ ಇಲ್ಲ. ಕಟ್ಟಿದ ಲಿಂಗ ಮೈಬಿಟ್ಟು ಹೋಗಬಾರದು. ಹೋದರೆ ಏನು ಮಾಡಬೇಕು ಎನ್ನುವುದಕ್ಕೆ ನಮ್ಮವರಲ್ಲೇ ಎರಡು ಮಾತಿತ್ತು. ಮಠಕ್ಕೆ ಹೋಗಿ ತಪ್ಪಾಯಿತೆಂದು ಅಡ್ಡಬಿದ್ದು ಅಯ್ಯನವರ ಕೈಯಿಂದ ಇನ್ನೊಂದು ಕಟ್ಟಿಸಿಕೊಳ್ಳಬಹುದು ಎನ್ನುವವರಿದ್ದರು. ಲಿಂಗ ಹೋದ ಮೇಲೆ ಪ್ರಾಣ ಯಾತಕ್ಕೆ, ಸಿಗುವವರೆಗೂ ನೀರು ಮುಟ್ಟಬಾರದು ಎನ್ನುವವರಿದ್ದರು. ನಮ್ಮ ಮಾವ ಎರಡನೆಯವರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡವರಲ್ಲ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿದವರು.

ಒಂದು ಶನಿವಾರ ಅತ್ತೆ ಜಡೆ ಬಿಚ್ಚಿಕೊಂಡು ಕೂತಿದ್ದಾಗ ಅವರ ಶಿವದಾರ ಒಂದು ಕಡೆ ಜೂಲೆದ್ದಿದ್ದನ್ನು ನಾನೇ ನೋಡಿ ಹೇಳಿದೆ. ಹೊಸ ದಾರ ಪೆಟ್ಟಿಗೆಯಲ್ಲೇ ಇತ್ತು. ಆದರೆ ಮಾವ ಪಡಸಾಲೆಯಿಂದಲೇ, "ಶನಿವಾರ ಯಾರಾದ್ರೂ ಶಿವದಾರ ಬದಲಾಯಿಸ್ತಾರಾ? ಸೋಮವಾರ ಆಗ್ಲಿ, ಒಳ್ಳೇ ದಿನ," ಎಂದರು. ನಡುವೆ ಇದ್ದದ್ದು ಒಂದು ಭಾನುವಾರ.

ಭಾನುವಾರ ಎಂದಿನಂತೆಯೇ ನಡೆಯಿತು. ಬೆಳಗಿನ ಪೂಜೆಯಾಯಿತು, ಅತ್ತೆ ಡಾಕ್ಟರು ಹೇಳಿದ ಒಂದು ಲೋಟ ಹಾಲು ಕುಡಿದರು, ಪಾರ್ಕಿಗೆ ಹೋದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಎರಡು ಸುತ್ತು ಬಂದು ಕಲ್ಲುಬೆಂಚಿನ ಮೇಲೆ ಅವರಿಬ್ಬರೂ ಕೂತರು, ನಡುವೆ ಮೂರನೆಯವರು ಕೂರುವಷ್ಟು ಜಾಗ ಬಿಟ್ಟು. ಬಿಸಿಲು ಹತ್ತಿದ ಮೇಲೆ ಎದ್ದು ಪೇಟೆಯ ಬೀದಿಯಲ್ಲಿ ಹಾದು ಮನೆಗೆ ಬಂದೆವು. ಶಾವಿಗೆ ಒತ್ತಿದ್ದಾಯಿತು. ನಾನು ಇಬ್ಬರಿಗೂ ತಟ್ಟೆ ಹಾಕಿ, ಶಾವಿಗೆ ಬಡಿಸಿ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಬಿಟ್ಟೆ. ಮಾವ ಕಣ್ಣು ಮುಚ್ಚಿ ಅರ್ಪಿಸಿ ತುತ್ತು ಕಲಸಿದರು. ಅತ್ತೆಯ ಕೈ ಎದೆಗೆ ಹೋಯಿತು.

ಹೋದ ಕೈ ಅಲ್ಲೇ ನಿಂತಿತು. ಸೆರಗಿನ ಮೇಲಿಂದ ಮುಟ್ಟಿ ನೋಡಿದರು, ಸೆರಗಿನ ಒಳಗೆ ನೋಡಿದರು. ಕುಪ್ಪಸದ ಅಂಚಿನಿಂದ ಒಂದು ಗೇಣು ಬರಿ ದಾರ ಅವರ ಕೈಗೆ ಬಂತು. ನಾನು ಕಾಯಿಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ.

"ಇಲ್ಲ ಕಣವ್ವ," ಎಂದರು ನನ್ನ ಕಡೆ ತಿರುಗಿ. "ಎದೆ ಮ್ಯಾಲಿಲ್ಲ."

ಮಾವ ಎತ್ತಿದ ತುತ್ತನ್ನು ತಟ್ಟೆಗೆ ಬಿಟ್ಟರು. ಅತ್ತೆ ತಟ್ಟೆಯನ್ನು ಮುಟ್ಟದೆ, ಗೋಡೆಯನ್ನೂ ಮುಟ್ಟದೆ ಎದ್ದು ಅಡುಗೆಮನೆಯಿಂದ ಆಚೆಗೆ ಹೋಗಿ ಪಡಸಾಲೆಯ ಬರಿ ನೆಲದ ಮೇಲೆ ಕೂತರು. ಚಾಪೆ ಹಾಸಲು ಹೋದೆ, ಬೇಡವೆಂದು ಕೈಯಾಡಿಸಿದರು. ಲಿಂಗವಿಲ್ಲದ ಮೈ ಅಡುಗೆಮನೆಯಲ್ಲಿರಬಾರದು, ಯಾವುದನ್ನೂ ಮುಟ್ಟಬಾರದು. ಇದನ್ನು ಯಾರೂ ಅವರಿಗೆ ಹೇಳಲಿಲ್ಲ.

ಮನೆಯೊಳಗೆ ಹುಡುಕಿದೆವು. ಒರಳಿನ ಸುತ್ತ, ಹಿಟ್ಟಿನ ಡಬ್ಬ, ಬಚ್ಚಲು, ಹಿತ್ತಿಲು. "ಕಡೇಗೆ ಎಲ್ಲಿ ಮುಟ್ಟಿದ್ದೆ?" ಎಂದು ಮಾವ ಕೇಳಿದರು. ಬೆಂಚಿನ ಮೇಲೆ ಕೂತು ಸೂರ್ಯನಿಗೆ ಕೈಮುಗಿದಾಗ ಇತ್ತು, ಕೈಗೆ ತಗುಲಿತ್ತು ಎಂದರು ಅತ್ತೆ. ಹಾಗಾದರೆ ಬೆಂಚಿನಿಂದ ಮನೆಯ ಹೊಸಿಲಿನವರೆಗೆ ಎಲ್ಲೋ ಬಿದ್ದಿದೆ. ಮಾವ ಕೊಡೆ ತೆಗೆದುಕೊಂಡರು. ನನಗೂ ಬಾ ಎಂದು ಸನ್ನೆ ಮಾಡಿದರು. ಹೊರಡುವಾಗ ಅತ್ತೆ ಹಿಂದಿನಿಂದ, "ಯಾರ್ನೂ ಕೇಳ್ಬ್ಯಾಡಿ," ಎಂದರು. ಅದನ್ನು ಹೇಳಬೇಕಾಗಿರಲಿಲ್ಲ. ಕೇಳಿದರೆ ಊರಿಗೆ ಗೊತ್ತಾಗುತ್ತದೆ. ಊರಿಗೆ ಗೊತ್ತಾದರೆ ಮಾವ ಹಿಂದೆ ಆಡಿದ ಮಾತೆಲ್ಲ ನಮ್ಮ ಬಾಗಿಲಿಗೇ ಬರುತ್ತದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಸ್ಥಿತಿ ಅವರದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬೀದಿಯಲ್ಲಿ ಅವರು ಎಡಕ್ಕೆ ನೋಡುತ್ತ, ನಾನು ಬಲಕ್ಕೆ ನೋಡುತ್ತ ನಡೆದೆವು. ನಿಂತು ನೋಡುವ ಹಾಗಿಲ್ಲ, ಬಗ್ಗುವ ಹಾಗಂತೂ ಇಲ್ಲವೇ ಇಲ್ಲ. ಗಾಡಿಯ ಎತ್ತು ಹಾಕಿದ ಸಗಣಿಯ ಮೇಲೂ ಕಣ್ಣಿಟ್ಟು ನಡೆದೆ. ಪಾರ್ಕಿನ ಬಾಗಿಲಲ್ಲೇ ಮಾವನ ಜೊತೆ ಪೇಪರ್ ಓದುವ ಒಬ್ಬ ಮೇಷ್ಟರು ಎದುರಾದರು.

"ಏನ್ ಶಿರಸ್ತೇದಾರ್ರೇ, ಒಂದೇ ದಿನಕ್ಕೆ ಎರಡೆರಡು ಸಲ ವಾಕಿಂಗು! ಮನೆಯವ್ರು ಕಾಣಲ್ಲ?"

"ಅವಳಿಗೆ ಕೆಲಸ ಇದೆ," ಎಂದರು ಮಾವ. ಅದಾದ ಮೇಲೂ ಮೇಷ್ಟರು ಬಿಡಲಿಲ್ಲ. ಬರ್ಮಾದಿಂದ ನಡೆದು ಬಂದವರ ಕಥೆ ಶುರು ಮಾಡಿದರು. ಮಾವ ತಲೆಯಾಡಿಸುತ್ತ, ಹ್ಞೂಗುಟ್ಟುತ್ತ, ಕಣ್ಣು ಮಾತ್ರ ಹುಲ್ಲಿನ ಮೇಲಿಟ್ಟು ನಿಂತರು. ಮನೆಯಲ್ಲಿ ಬರಿ ನೆಲದ ಮೇಲೆ ಒಬ್ಬರು ಕೂತಿದ್ದಾರೆ, ಇವರಿಗೆ ಬರ್ಮಾ! ನಾನು ಹೂ ಕೀಳುವವಳ ಹಾಗೆ ಬೇಲಿಯ ಪಕ್ಕ ಬಗ್ಗಿ ಬಗ್ಗಿ ಬೆಂಚಿನ ತನಕ ಹೋದೆ. ಬೆಂಚಿನ ಕೆಳಗೆ, ಹಿಂದೆ, ಕಲ್ಲಿನ ಸಂದಿನಲ್ಲಿ, ಸುತ್ತಲ ಹುಲ್ಲಿನಲ್ಲಿ ಕೈಯಾಡಿಸಿದೆ. ಇಲ್ಲ. ಮಾವ ಬಂದು ಮತ್ತೆ ಅದೇ ಜಾಗವನ್ನು ಕೊಡೆಯ ತುದಿಯಿಂದ ಕೆದಕಿದರು. ಇಲ್ಲ.

ಆಗ ನಮಗೆ ಹೊಗೆ ಕಂಡಿತು. ಪಾರ್ಕಿನ ಮಾಲಿ ದಾರಿಯನ್ನೆಲ್ಲ ಗುಡಿಸಿ, ತರಗೆಲೆ ಒಟ್ಟಿ, ಬೆಂಕಿ ಹಚ್ಚಿದ್ದ. ನಾವು ನಡೆದುಹೋದ ದಾರಿಯ ಎಲೆಯೇ ಅದು. ಅತ್ತೆಯ ಲಿಂಗ ಹಳೆಯ ಮಗ್ಗದ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದು, ಎಲೆಯ ಬಣ್ಣದ್ದೇ. ಗುಡಿಸುವವನಿಗೆ ಕಾಣುವಂಥದ್ದಲ್ಲ. ಮಾವ ಓಡಿದರು. ನಾನು ಅವರು ಓಡಿದ್ದನ್ನು ನೋಡಿದ್ದು ಅದೇ ಮೊದಲು, ಅದೇ ಕಡೆ. ಕೊಡೆಯನ್ನು ಬೆಂಕಿಯೊಳಕ್ಕೇ ತುರುಕಿ ಕೆದಕಿದರು. ಕಿಡಿ ಹಾರಿ ಕೊಡೆಯ ಬಟ್ಟೆ ಸುಟ್ಟ ವಾಸನೆ ಬಂತು.

"ಏನ್ ಸಾ, ಏನಾರಾ ಬೀಳ್ಸ್ಕಂಡ್ರಾ?" ಎಂದು ಮಾಲಿ ಪೊರಕೆ ಹಿಡಿದೇ ಓಡಿ ಬಂದ.

"ಏನಿಲ್ಲ, ಏನಿಲ್ಲ."

"ಯೋಳಿ ಸಾ, ನಾನೂ ನೋಡ್ತೀನಿ. ಚಿನ್ನಗಿನ್ನ ಏನಾರಾ?"

"ಏನಿಲ್ಲ ಅಂದ್ನಲ್ಲಪ್ಪ!"

ಅವನು ಬೆಪ್ಪಾಗಿ ನಿಂತ. ನನಗೆ ಆ ಹೊತ್ತು ಮಾವನ ಮೇಲೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಇದನ್ನೆಲ್ಲ ಗುಡಿಸಿದವನು ಇವನು, ಇವನನ್ನು ಕೇಳಿದರೆ ಎಲ್ಲಿಂದ ಎಲ್ಲಿಗೆ ಗುಡಿಸಿದೆ ಎಂದಾದರೂ ಹೇಳುತ್ತಿದ್ದ. ಹೆಂಡತಿಯ ಜೀವಕ್ಕಿಂತ ಮಾನ ದೊಡ್ಡದಾಯಿತೇ? ಮದುವೆಯಾಗಿ ಬಂದಂದಿನಿಂದ ಅವರ ಎದುರು ನಿಂತು ಮಾತಾಡದಿದ್ದ ನಾನು, "ಕೇಳಿ ಮಾವ, ಕೇಳಿದ್ರೆ ಏನಾಗುತ್ತೆ?" ಎಂದುಬಿಟ್ಟೆ. ಧ್ವನಿ ನನಗೇ ಒರಟಾಗಿ ಕೇಳಿಸಿತು.

ಅವರು ನನ್ನ ಕಡೆ ತಿರುಗಲಿಲ್ಲ. ಬೂದಿಯನ್ನು ನೋಡುತ್ತಲೇ, "ನೀನು ಮನೆಗೆ ಹೋಗಮ್ಮ. ಅವಳೊಬ್ಬಳೇ ಇದ್ದಾಳೆ," ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಯಲ್ಲಿ ಅತ್ತೆ ಕೂತಲ್ಲೇ ಕೂತಿದ್ದರು. ಬರಿಗೈಯಲ್ಲಿ ಬಂದವಳನ್ನು ನೋಡಿ, "ನೀ ಉಣ್ಣೋಗು, ನಿಂಗ್ಯಾಕೆ ಉಪಾಸ," ಎಂದರು. ನಾನು ಒಲ್ಲೆ ಎಂದೆ. ಅವರು ಕಣ್ಣು ಬಿಟ್ಟು ನೋಡಿದ ಮೇಲೆ ಅಡುಗೆಮನೆಗೆ ಹೋಗಿ, ತಣ್ಣಗಾದ ಶಾವಿಗೆಯನ್ನು ಬೋಸಿಯಿಂದಲೇ ಎರಡು ತುತ್ತು ತಿಂದೆ. ಅಳುತ್ತಲೇ ತಿಂದೆ. ಸುಳ್ಳು ಯಾಕೆ, ಚೆನ್ನಾಗಿಯೇ ಇತ್ತು. ಹೊಟ್ಟೆಗೆ ನಾಚಿಕೆ ಎಲ್ಲಿದೆ?

ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಬಾಯಲ್ಲಿ ಹೇಳಲಿಲ್ಲ. ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿಕೊಂಡು ಕೂತರು, ಹಣೆಯ ಮೇಲೆ ಬೆವರು ಕೂತಿತು. ತುಟಿ ಬಿಳಿಚಿಕೊಂಡಿತ್ತು. ರಕ್ತ ಬಂದ ದಿನ ಹೀಗೇ ಕೂತಿದ್ದರು ಎಂದು ನನ್ನ ಗಂಡ ಹೇಳಿದ್ದು ನೆನಪಾಯಿತು. ಒಂದು ಲೋಟ ಹಾಲು ತಂದು ಮುಂದಿಟ್ಟು ಕಾಲಿಗೆ ಬಿದ್ದೆ. ನೀರಾದರೂ ಕುಡಿಯಿರಿ, ಮಠದ ಅಯ್ಯನವರನ್ನು ಕರೆಸೋಣ, ಇನ್ನೊಂದು ಕಟ್ಟಿಸಿಕೊಳ್ಳುವವರು ಎಷ್ಟು ಜನ ಇಲ್ಲ ಎಂದೆ.

"ಬ್ಯಾರೇರ ಮನೇಲಿ ಸೈ," ಎಂದರು ಅತ್ತೆ. "ನಾ ಇವ್ರ ಎಂಡ್ತಿ. ಕಟ್ಟಿಸ್ಕಂಡ್ರೆ ಇವ್ರ ಮಾತೇನಾಯ್ತು?"

ಆಮೇಲೆ, ನೋವು ಒಂದಿಷ್ಟು ತಗ್ಗಿದಾಗ, ಅವರೇ ಹೇಳಿದ್ದು ಇದು.

"ಒಳೇನರಸೀಪುರದಲ್ಲಿದ್ದಾಗ ಎದುರುಮನೇಲಿ ಒಬ್ಳಿದ್ಲು ಕಣವ್ವ, ಎಣ್ಣೆ ಯಾಪಾರದೋರ ಮನೆ ಸೊಸೆ. ಕೈಕೂಸಿನ ಬಾಣಂತಿ. ಒಳೇಲಿ ಬಟ್ಟೆ ಒಗೆಯಕ್ಕೋಗಿ ಲಿಂಗ ನೀರಿಗೆ ಬಿಟ್ಕಂಡ್ಳು. ಅವ್ಳ ಗಂಡ ಬಂದು ಇವ್ರನ್ನ ಕೇಳ್ದ, ಏನು ಮಾಡ್ಬೇಕು ಬುದ್ದಿ ಅಂತ. ಇವ್ರು, ಸಿಗಗಂಟ ನೀರು ಮುಟ್ಟಂಗಿಲ್ಲ ಅಂದ್ಬುಟ್ರು. ಜನ ಎಲ್ಲಾ ಇದ್ರು, ದೊಡ್ಡೋರ ಮಾತು, ಯಾರು ಇಲ್ಲ ಅಂತಾರೆ? ಎರಡು ದಿನ ಹಂಗೇ ಬಿದ್ಕಂಡಿದ್ಲು. ಎದೇಲಿ ಆಲು ಬತ್ತೋಯ್ತು. ಕೂಸು ಕಿರುಚೋದು ನಮ್ಮನೆಗಂಟ ಕೇಳೋದು. ಇವ್ರು ಕಚೇರಿಗೋದ್ಮೇಲೆ ನಾನು ಒಬ್ರು ಮುದುಕ ಅಯ್ನೋರ ತಾವ ಓಗಿ ಕಾಲು ಕಟ್ಕಂಡೆ. ಒಂದು ಲಿಂಗ ಕೊಟ್ರು. ಬಿಂದಿಗೆ ಇಡ್ಕಂಡು ಒಳೆಗೋಗಿ, ಸೀರೆ ನೆನೆಸ್ಕಂಡು ಬಂದು, ಮರಳಲ್ಲಿ ಸಿಕ್ತು ಕಣೇ ಅಂತ ಅವ್ಳ ಕೈಗೆ ಕೊಟ್ಟೆ."

"ಅವಳಿಗೆ ಗೊತ್ತಾಗ್ಲಿಲ್ವಾ ಅತ್ತೆ?"

"ಗೊತ್ತಾಗ್ದೆ ಇದ್ದಾತಾ? ದಿನಾ ಕೈ ಮ್ಯಾಲೆ ಮಡಿಕಂಡಿದ್ದು. ಮುಟ್ಟಿದ್ ತಕ್ಷಣ ಗೊತ್ತಾಯ್ತದೆ. ನನ್ನ ಮಕ ನೋಡಿದ್ಲು, ಕೂಸಿನ ಮಕ ನೋಡಿದ್ಲು, ಕಟ್ಕಂಡ್ಳು." ಸ್ವಲ್ಪ ಹೊತ್ತು ಉಸಿರು ಹಿಡಿದು ಕೂತು, "ಅವ್ಳಿಗೆ ಕೂಸಿತ್ತು. ನಂಗೇನಿದೆ ನೆಪ? ನಿನ್ ಗಂಡ ರಸ್ತೆ ಮಾಡ್ಕಂಡು ಚೆನ್ನಾಗವ್ನೆ," ಎಂದರು. "ಇವ್ರಿಗೆ ಯೋಳ್ಬ್ಯಾಡ. ಇವತ್ತಿಗೂ ಗೊತ್ತಿಲ್ಲ."

ಊರಿಗೆಲ್ಲ ಆಚಾರ ಹೇಳುವ ಗಂಡನ ಬೆನ್ನ ಹಿಂದೆ ಈಕೆ ಒಂದು ಜೀವ ಉಳಿಸಿ, ತುಟಿ ಹೊಲಿದುಕೊಂಡು ಇಷ್ಟು ವರ್ಷ ಶಾವಿಗೆ ಹಿಟ್ಟು ಬೇಯಿಸಿದ್ದಾರೆ. ಇನ್ನೊಬ್ಬಳಿಗೆ ದಾರಿ ಮಾಡಿಕೊಟ್ಟವರು ತಮಗೆ ಅದೇ ದಾರಿ ಬೇಡವೆನ್ನುತ್ತಾರೆ! ನನಗೆ ಅವರ ಮೇಲೂ ಸಿಟ್ಟು ಬಂತು. ಪ್ರೀತಿಯೂ ಆಗಲೇ ಬಂದದ್ದು. ಅದುವರೆಗೆ ಅವರು ನನಗೆ ಗಂಡನ ತಾಯಿ, ಅಷ್ಟೆ.

ಮಾವ ಬಂದಾಗ ಮಧ್ಯಾಹ್ನ ತಿರುಗಿತ್ತು. ಬಾಗಿಲಲ್ಲಿ ನಿಂತೇ, "ಸಿಕ್ತು," ಎಂದರು. ಇನ್ನೊಮ್ಮೆ, "ಸಿಕ್ತು ಕಣೇ," ಎಂದರು.

ಸಂತೋಷಕ್ಕೆ ನಾನು ಕೂಗಿಯೇಬಿಟ್ಟೆ. ಆಮೇಲೆ ಅವರ ಮುಖ ನೋಡಿದೆ. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಪಾರ್ಕಿನ ಬೆಂಕಿಯ ಮುಂದೆ ಬೆವರಿಗೆ ಕರಗಿ ಹೋಗಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ಈಗ ಹಣೆಯ ತುಂಬ ಬೆಳ್ಳಗೆ ಹೊಸ ವಿಭೂತಿ ಇತ್ತು. ಮೂರು ಬೆರಳಿನ ಗೆರೆ, ಬೇರೊಬ್ಬರು ಎಳೆದ ದಪ್ಪ ಗೆರೆ. ಪಾರ್ಕಿನಲ್ಲಿ ವಿಭೂತಿ ಹಚ್ಚುವವರು ಯಾರೂ ಇಲ್ಲ. ಪೇಟೆಯ ಆಚೆ ಮಠವಿತ್ತು.

ಅತ್ತೆ ಅದೇ ಹಣೆಯನ್ನು ನೋಡುತ್ತಿದ್ದರು.

"ಎಲ್ಲಿ ಸಿಕ್ತು?"

"ಅದೇ... ಕಲ್ಲುಬೆಂಚಿನ ಹತ್ರ."

ಅಲ್ಲಿ ನಾನು ಹುಡುಕಿದ್ದೆ, ಅವರೂ ಹುಡುಕಿದ್ದರು. ನಾನು ನೆಲ ನೋಡಿದೆ.

"ಬೆಂಚಿನ ಯಾವ ಕಡೆ?"

ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಎಷ್ಟೋ ಜನರ ಸುಳ್ಳನ್ನು ಒಂದೇ ಪ್ರಶ್ನೆಯಲ್ಲಿ ಬಿಚ್ಚಿಸಿದವರು ತಾವು ಮೊದಲ ಪ್ರಶ್ನೆಗೇ ತಡವರಿಸಿದರು. "ಎಡಗಡೆ," ಎಂದರು. ಅತ್ತೆ ಕೂತಿದ್ದದ್ದು ಬಲಗಡೆ. "ವಸ್ತ್ರ ಕೊಳೆಯಾಗಿತ್ತು. ಬಿಸಾಕಿ ನನ್ನ ವಲ್ಲೀಲಿ ಒಂದು ತುಂಡು ಹರಿದು ಸುತ್ತಿದೀನಿ," ಎಂದು ಯಾರೂ ಕೇಳದ ಪ್ರಶ್ನೆಗೂ ಉತ್ತರ ಹೇಳಿದರು. ಕೈ ಚಾಚಿದರು. ಅತ್ತೆ ತೆಗೆದುಕೊಳ್ಳಲಿಲ್ಲ. ಅವರನ್ನೇ ನೋಡುತ್ತಿದ್ದರು. ಇನ್ನೊಂದು ಪ್ರಶ್ನೆ ಕೇಳಿದರೆ ಮುಗಿಯಿತು, ಈ ಮನುಷ್ಯ ಒಪ್ಪಿಕೊಳ್ಳುತ್ತಾರೆ, ಆಮೇಲೆ ಇಬ್ಬರಿಗೂ ದಾರಿಯಿಲ್ಲ. ಕೇಳಬೇಡಿ, ಕೇಳಬೇಡಿ ಎಂದು ನಾನು ಒಳಗೊಳಗೇ ಶಿವನಿಗೂ ಅತ್ತೆಗೂ ಒಟ್ಟಿಗೇ ಬೇಡಿಕೊಂಡೆ.

"ನೀರು ತೋಡವ್ವ," ಎಂದರು ಅತ್ತೆ ನನಗೆ. "ಮಿಂದು ಬತ್ತೀನಿ."

ಒದ್ದೆ ಸೀರೆಯಲ್ಲೇ ಪೂಜೆಗೆ ಕೂತರು. ನಾನು ಹೊಸ ಶಿವದಾರ ತಂದುಕೊಟ್ಟೆ. ಭಾನುವಾರ ಎಂದು ಯಾರೂ ಹೇಳಲಿಲ್ಲ. ವಲ್ಲಿಯ ತುಂಡನ್ನು ಬಿಚ್ಚಿ ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡರು. ಆ ಕೈ ಒಂದು ಸಲ ಸ್ವಲ್ಪ ಕೆಳಗೆ ಹೋಗಿ ಮೇಲೆ ಬಂತು, ಅಂಗಡಿಯಲ್ಲಿ ತೂಕ ನೋಡುವವರ ಕೈಯ ಹಾಗೆ. ಅಷ್ಟೆ. ಮಾವ ಕಂಬ ಹಿಡಿದು ನಿಂತಿದ್ದರು. ಅತ್ತೆ ಕಣ್ಣು ಮುಚ್ಚಿದರು, ನೀರೆರೆದರು, ಪತ್ರೆ ಇಟ್ಟರು. ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡು ಸೆರಗು ಹೊದ್ದರು. ಆಮೇಲೆ ಲಿಂಗಕ್ಕೆ ಎರೆದ ನೀರನ್ನು ಬಟ್ಟಲಿನಿಂದ ಅಂಗೈಗೆ ಬಿಟ್ಟುಕೊಂಡು ಕುಡಿದರು.

ಅವರು ಗುಟುಕರಿಸಿದ್ದು ನನಗೆ ಕೇಳಿಸಿತು. ನಾನು ಅಡುಗೆಮನೆಗೆ ಓಡಿದೆ. ಅಳುವುದಕ್ಕೂ ಶಾವಿಗೆಯನ್ನು ಹಬೆಗೆ ಇಡುವುದಕ್ಕೂ ಅದೇ ಜಾಗ.

ಎರಡು ತಟ್ಟೆ ಹಾಕಿದೆ. ಅತ್ತೆ ಬಂದು ಕೂತರು. ಮಾವ ಬರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು ಪಡಸಾಲೆಯಿಂದ. ಬಿಸಿಲು ಹೊಡೆದಿದೆ ಎಂದರು. ಅತ್ತೆ ಮೂರು ತುತ್ತು ತಿಂದು ಕೈ ನಿಲ್ಲಿಸಿದರು. ಮತ್ತೆ ಕರೆದರು. ಮಾವ ಮತ್ತೆ ಹೊಟ್ಟೆ ಸರಿಯಿಲ್ಲ ಎಂದರು. ಅತ್ತೆ ಎಂಜಲು ಕೈಯಲ್ಲೇ ಎದ್ದು ಪಡಸಾಲೆಯ ಬಾಗಿಲಿಗೆ ಹೋಗಿ ನಿಂತರು. ಅವರು ಹಾಗೆ ಎದ್ದು ಹೋದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ನಿಮ್ಮೊಟ್ಟೆಗೇನಾಗದೆ?"

ಮಾವ, "ಹೊಳೆನರಸೀಪುರದಲ್ಲಿ ಆ ಬಾಣಂತಿಗೆ ನೀರು ಬೇಡ ಅಂದದ್ದು ಈ ಬಾಯೇ. ಇವತ್ತು ಅದೇ ಬಾಯಲ್ಲಿ..." ಎಂದು ಅಲ್ಲಿಗೇ ನಿಲ್ಲಿಸಿದರು. ಅತ್ತೆ ನನ್ನ ಕಡೆ ಒಂದು ನೋಟ ಎಸೆದರು, ಬಾಯಿ ಬಿಟ್ಟರೆ ನೋಡು ಎನ್ನುವ ಹಾಗೆ. ನಾನು ಬಿಡಲಿಲ್ಲ.

"ಬೆಂಚಿನ ತಾವ ಸಿಗ್ಲಿಲ್ಲ ಅಂತ ನಂಗೊತ್ತು," ಎಂದರು ಅತ್ತೆ.

ಮಾವ ತಲೆಯೆತ್ತಿದರು.

"ಕೈ ಮ್ಯಾಲೆ ಮಡಗಿದ್ ತಕ್ಷಣ ಗೊತ್ತಾಯ್ತು. ನೀವು ಬಾಗ್ಲಲ್ಲಿ ನಿಂತಾಗ್ಲೇ ಗೊತ್ತಾಗಿತ್ತು."

"ಗೊತ್ತಿದ್ದೂ ಯಾಕೆ ಕಟ್ಕೊಂಡೆ?" ಎಂದರು ಮಾವ. "ಯಾಕೆ ಕಟ್ಕೊಂಡ್ಯೇ?"

"ಈ ವಯಸ್ಸಿಗೆ, ಯಾರ್ಗೂ ಯೋಳ್ದಿದ್ದ ಸುಳ್ಳ ನಂಗೋಸ್ಕರ ಯೋಳಿದ್ರಿ. ಅದ ತಳ್ಬುಡಕ್ಕೆ ನನ್ ಕೈಲಾಗ್ಲಿಲ್ಲ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಯೋಳ್ದೋರು ನೀವು, ಕಟ್ಕಂಡೋಳು ನಾನು. ಪಾಪ ಇದ್ರೆ ಅರ್ಧ ನಂದು. ಎಲ್ಲಾನೂ ಒಬ್ರೇ ಒತ್ಕಂಡು ಕೂತ್ಕಬ್ಯಾಡಿ. ಏಳಿ, ಉಣ್ಣಿ."

ಮಾವ ಎದ್ದು ಬಂದು ತಟ್ಟೆಯ ಮುಂದೆ ಕೂತರು. ಎದೆಯ ಲಿಂಗವನ್ನು ಮುಟ್ಟಿ ಕಣ್ಣು ಮುಚ್ಚಿದವರು ಬಹಳ ಹೊತ್ತು ತೆರೆಯಲಿಲ್ಲ. ತೆರೆದು, ಶಾವಿಗೆಯನ್ನು ಕಾಯಿಹಾಲಿನಲ್ಲಿ ಕಲಸಿ ತುತ್ತು ಬಾಯಿಗಿಟ್ಟಾಗ ಕಣ್ಣೀರು ಮೀಸೆಯ ಮೇಲಿಂದ ಇಳಿದು ತಟ್ಟೆಗೆ ಬಿತ್ತು. ಅತ್ತೆ ಅದನ್ನು ಕಾಣದವರಂತೆ ತಮ್ಮ ತಟ್ಟೆ ನೋಡಿಕೊಂಡು ಉಣ್ಣತೊಡಗಿದರು. "ನಿಂತ್ಕಂಡು ಏನು ನೋಡ್ತೀಯ? ಅವ್ರಿಗೆ ಇನ್ನೊಂದೀಟು ಬಡ್ಸು," ಎಂದು ನನ್ನನ್ನು ಗದರಿದರು. ನಾನು ಬಡಿಸಿದೆ.